ಕರೆಂಟ್ ಹಣ್ಣು

ನಮ್ಮ ಮನೆಯಲ್ಲಿ ಊಟ, ಮುದ್ದು, ಜಪಮಾಲೆ ಎಲ್ಲ ಕೊಂಕಣಿಯಲ್ಲಿ ನಡೆಯುತ್ತಿತ್ತು. ಹೊಡೆತ ಮಾತ್ರ ಕನ್ನಡದಲ್ಲಿ. ಬಣ್ಣ ಕಟ್ಟಿ ಹೇಳುತ್ತಿಲ್ಲ, ಆ ಮನೆಯ ಕಟ್ಟಳೆಯೇ ಹಾಗಿತ್ತು. ದೋಹಾದ ಬಿನ್ ಮಹಮೂದಿನಲ್ಲಿ, ಕೆಳಗೆ ಲಾಂಡ್ರಿ, ಪಕ್ಕದಲ್ಲಿ ಕ್ಲಿನಿಕ್ ಇದ್ದ ಹಳೆಯ ಕಟ್ಟಡದ ಎರಡನೇ ಮಾಳಿಗೆ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಒಂದು ಕೋಣೆಯಲ್ಲಿ ಪಪ್ಪ, ಮಮ್ಮಿ, ನಾನು. ಇನ್ನೊಂದರಲ್ಲಿ ಗೋವಾದ ಎಸ್ಪೆರಾನ್ಸ್ ಆಂಟಿ. ಅವರ ಗಂಡ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆ ಕೆಲಸಕ್ಕಿದ್ದರು, ತಿಂಗಳಿಗೊಮ್ಮೆ ಬಂದು ನಿದ್ದೆ ಮಾಡಿ ಹೋಗುತ್ತಿದ್ದರು. ಮಕ್ಕಳಿಲ್ಲದ ಆಂಟಿ ಒಂದು ನರ್ಸರಿಯಲ್ಲಿ ಕಂಡವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಹೆಸರು ಉದ್ದವಾಯಿತೆಂದು ನಾವು ಅವರನ್ನು ಎಸ್ಪಿ ಆಂಟಿ ಅನ್ನುತ್ತಿದ್ದೆವು. ಊರಲ್ಲಿ ಎಸ್ಪಿ ಅಂದರೆ ಪೊಲೀಸ್ ಸಾಹೇಬರು ಎಂದು ಮಮ್ಮಿ ಹೇಳಿದಾಗ ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎರಡು ಕೋಣೆಗಳ ನಡುವೆ ಇದ್ದದ್ದು ಗೋಡೆಯಲ್ಲ, ಪ್ಲೈವುಡ್ ಹಲಗೆ. ಗೋವಾದ ಕೊಂಕಣಿಯೂ ನಮ್ಮ ಉಡುಪಿ ಕಡೆಯ ಕೊಂಕಣಿಯೂ ಒಂದೇ ಅಲ್ಲ, ಆದರೆ ಬೈಗುಳ ಎಲ್ಲಿಯದಾದರೂ ಅರ್ಥವಾಗುತ್ತದೆ. ಕನ್ನಡ ಮಾತ್ರ ಆಂಟಿಗೆ ಬರುತ್ತಿರಲಿಲ್ಲ, ಅದಕ್ಕೇ ಪಪ್ಪ ಕೈ ಎತ್ತುವ ಮೊದಲು ಭಾಷೆ ಬದಲಿಸುತ್ತಿದ್ದರು. ಕೊಂಕಣಿಯಲ್ಲಿ ಮಾತಾಡುತ್ತಿದ್ದವರು ನಡುವೆ ಒಂದು ಕನ್ನಡ ಶಬ್ದ ಹಾಕಿದರೆ ಸಾಕು, ನಾನು ಮಂಚದ ಮೂಲೆಗೆ ಸರಿದುಬಿಡುತ್ತಿದ್ದೆ.

ಪಪ್ಪ ಮಮ್ಮಿ ಇಬ್ಬರೂ ಊರಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರು. ಪಪ್ಪನ ಕನ್ನಡ ಬೆತ್ತದ ಮಾಸ್ತರರದ್ದು: ಕತ್ತೆ, ನಾಲಾಯಕ್, ಕೈ ಚಾಚು, ಇನ್ನೊಂದು ಕೈ. ಮಮ್ಮಿಯ ಕನ್ನಡ ಕಾನ್ವೆಂಟಿನ ಸಿಸ್ಟರಿಗೆ ಉತ್ತರ ಕೊಡುವ ಹುಡುಗಿಯದ್ದು. ಕೊಂಕಣಿಯಲ್ಲಿ ಗಂಡನನ್ನು 'ತುಂ' ಎಂದು ಏಕವಚನದಲ್ಲಿ ಕರೆಯುತ್ತಿದ್ದ ಅವಳು ಹೊಡೆತ ತಿನ್ನುವಾಗ 'ನೀವು' ಅನ್ನುತ್ತಿದ್ದಳು. ದೋಹಾದ ನನ್ನ ಇಂಗ್ಲಿಷ್ ಶಾಲೆಯಲ್ಲಿ ಕನ್ನಡದ ಗಾಳಿಯೂ ಇರಲಿಲ್ಲ. ಹಾಗಾಗಿ ಕನ್ನಡದಲ್ಲಿ ನನಗೆ ಮೊದಲು ಬಂದ ಪೂರ್ತಿ ವಾಕ್ಯ 'ಸಾಕು, ಹೊಡಿಬೇಡಿ.' ಈಗ ನಾನು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು. ಗಲ್ಫಿನಲ್ಲಿ ಬೆಳೆದರೂ ಇಷ್ಟು ಒಳ್ಳೆಯ ಕನ್ನಡ ಎಲ್ಲಿ ಕಲಿತಿರಿ ಎಂದು ಸಭೆಗಳಲ್ಲಿ ಕೇಳುತ್ತಾರೆ. ಮನೆಯಲ್ಲಿ ಅನ್ನುತ್ತೇನೆ. ಎಷ್ಟು ಚಂದ ಅಂತ ಅವರು ತಲೆದೂಗುತ್ತಾರೆ, ನನಗೆ ಮೈ ಉರಿಯುತ್ತದೆ.

ಎಸ್ಪಿ ಆಂಟಿ ಕಿವುಡಿಯಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮಮ್ಮಿಯನ್ನು ಕೊಂಕಣಿಯಲ್ಲಿ ಕೇಳಿಯೇಬಿಟ್ಟರು; ಹೆಂಗಸಾಗಲಿ ಹುಡುಗಿಯಾಗಲಿ, ಅವರಿಗೆ ಎಲ್ಲರೂ 'ಬಾಯ್'.

"ನಿನ್ನೆ ಸಂಜೆ ಎಂತ ಬಾಯ್, ಅಷ್ಟು ಗಲಾಟೆ? ಹಲಗೆ ಅಲುಗಾಡ್ತಾ ಇತ್ತು."

"ಗಲಾಟೆ ಅಲ್ಲ ಆಂಟಿ, ಪ್ರಾರ್ಥನೆ," ಅಂದಳು ಮಮ್ಮಿ, ಚಹಾದ ಪಾತ್ರೆಯಿಂದ ಕಣ್ಣು ಎತ್ತದೆ. "ನಮ್ಮ ಊರಲ್ಲಿ ಹರಕೆಯ ಪ್ರಾರ್ಥನೆ ಕನ್ನಡದಲ್ಲಿ ಮಾಡೋದು."

"ಮತ್ತೆ ಆ ಧಡ್ ಧಡ್?"

"ಎದೆ ಬಡ್ಕೊಳ್ತೇವೆ. ಪಶ್ಚಾತ್ತಾಪಕ್ಕೆ. ಇವರಿಗೆ ಭಕ್ತಿ ಸ್ವಲ್ಪ ಜಾಸ್ತಿ."

ಅಯ್ಯೋ, ಆ ಸುಳ್ಳು! ಆಂಟಿ ಅದನ್ನು ಹಾಗೆಯೇ ನುಂಗಿದರು, ಅಥವಾ ನುಂಗಿದ ಹಾಗೆ ಮಾಡಿದರು. ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಉಡುಪಿಯವರಷ್ಟು ದೈವಭಕ್ತಿ ನಮಗಿಲ್ಲ ಎಂದು ಚರ್ಚಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಪಪ್ಪನಿಗೆ ಈ ಸುದ್ದಿ ಮುಟ್ಟಿದ ಮೇಲೆ ಅವರು ಇನ್ನೂ ಧೈರ್ಯವಾಗಿ ಹೊಡೆಯತೊಡಗಿದರು. ದೇವರ ಹೆಸರಿನ ಮರೆ ಸಿಕ್ಕಿದ ಮೇಲೆ ಯಾರ ಹೆದರಿಕೆ?

ಮಮ್ಮಿ ಯಾಕೆ ಕೂಗಲಿಲ್ಲ, ಯಾಕೆ ಯಾರಿಗೂ ಹೇಳಲಿಲ್ಲ ಎಂದು ಊರಿನವರು ಸುಲಭವಾಗಿ ಕೇಳುತ್ತಾರೆ. ಅಲ್ಲಿ ಬದುಕಿದವರು ಕೇಳುವುದಿಲ್ಲ. ಅವಳ ವೀಸಾ ಪಪ್ಪನ ಹೆಸರಿನಲ್ಲಿತ್ತು, ನನ್ನದೂ ಅಷ್ಟೆ. ನಮ್ಮಿಬ್ಬರ ಪಾಸ್‌ಪೋರ್ಟು ಮಂಚದಡಿಯ ನೀಲಿ ಸೂಟ್‌ಕೇಸಿನಲ್ಲಿ, ಅದರ ಕೀಲಿ ಪಪ್ಪನ ಜೇಬಿನಲ್ಲಿ. ಅಲ್ ರಯ್ಯಾನಿನಲ್ಲಿದ್ದ ಮಮ್ಮಿಯ ಒಬ್ಬಳೇ ಗೆಳತಿ ಗಂಡನ ಮೇಲೆ ಯಾರಿಗೋ ದೂರು ಹೇಳಿದ್ದಕ್ಕೆ ಒಂದೇ ವಾರದಲ್ಲಿ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದಳು. ಮಕ್ಕಳಿಬ್ಬರು ಅಪ್ಪನ ಹತ್ತಿರವೇ ಉಳಿದರು. ವಿಮಾನ ಹತ್ತುವ ಮೊದಲು ಅವಳು ಫೋನಿನಲ್ಲಿ ಅತ್ತದ್ದನ್ನು ಮಮ್ಮಿ ನಿಂತಲ್ಲೇ ನಿಂತು ಕೇಳಿದ್ದಳು. ಅಂದಿನಿಂದ ಪಪ್ಪನಿಗೆ ಕೈಗಿಂತ ದೊಡ್ಡ ಆಯುಧ ಒಂದು ಸಿಕ್ಕಿತು.

"ಒಂದು ಸೈನ್ ಹಾಕಿದ್ರೆ ಖಲಾಸ್. ನೀನು ಊರಿಗೆ, ಹುಡುಗಿ ಇಲ್ಲಿ. ಮಾಡ್ಬೇಕಾ ಕ್ಯಾನ್ಸಲ್?"

ಈ ಮಾತು ಕೇಳಿದ ಕೂಡಲೇ ಮಮ್ಮಿ ಸುಮ್ಮನಾಗುತ್ತಿದ್ದಳು. ಎದ್ದ ಕೈ ನೋಡಿ ಹೆದರದವಳು ಆ ಒಂದು ಶಬ್ದಕ್ಕೆ ಹೆದರುತ್ತಿದ್ದಳು. ನಾನೂ ಹೆದರುತ್ತಿದ್ದೆ. ಶಾಲೆಯ ಬಸ್ಸಿನಿಂದ ಇಳಿದವಳು ಪ್ರತಿದಿನ ಮೆಟ್ಟಿಲು ಹತ್ತುವಾಗ, ಒಳಗೆ ಮಮ್ಮಿ ಇರುತ್ತಾಳೋ ಇಲ್ಲವೋ ಎಂದುಕೊಳ್ಳುತ್ತಲೇ ಹತ್ತುತ್ತಿದ್ದೆ.

ಪಪ್ಪ ಒಂದು ದೊಡ್ಡ ಹೋಟೆಲಿನ ಕೋಲ್ಡ್ ಸ್ಟೋರಿನಲ್ಲಿ ಸ್ಟೋರ್ ಕೀಪರ್. ದೋಹಾದ ಬೇಸಿಗೆಯಲ್ಲಿ ಊರೆಲ್ಲ ಬೆವರುವಾಗ ಜಾಕೆಟ್ ಹಾಕಿಕೊಂಡು ಕೆಲಸ ಮಾಡುವ ಮನುಷ್ಯ. ಹೊರಗೆ ಬಂದ ಎಷ್ಟೋ ಹೊತ್ತಿನ ತನಕ ಅವರ ಕೈ ತಣ್ಣಗೇ ಇರುತ್ತಿತ್ತು. ಹೊಡೆತ ತಿಂದ ಕೆನ್ನೆ ಮೊದಲು ತಣ್ಣಗಾಗಿ ಆಮೇಲೆ ಉರಿಯುವುದು ಎಲ್ಲರ ಮನೆಯಲ್ಲೂ ಇರುವ ಸಂಗತಿ ಎಂದೇ ನಾನು ತಿಳಿದಿದ್ದೆ. ತಾರೀಕು ಮುಗಿದ ಮಾಲನ್ನು ಹೋಟೆಲಿನವರು ಎಸೆಯಬೇಕು, ಯಾರೂ ಮನೆಗೆ ಒಯ್ಯಬಾರದು, ಸಿಕ್ಕಿಬಿದ್ದರೆ ಕೆಲಸ ಹೋಯಿತು ಎಂದೇ ಲೆಕ್ಕ. ಪಪ್ಪ ಒಯ್ಯುತ್ತಿದ್ದರು. ಬುತ್ತಿ ಡಬ್ಬಿಯ ತಳದಲ್ಲಿ ಚೀಸಿನ ತುಂಡು, ಒಣಗಿದ ಅಂಜೂರ, ಹೆಸರು ಗೊತ್ತಿಲ್ಲದ ಸೊಪ್ಪು. ಒಂದು ಸಂಜೆ ಡಬ್ಬಿಯಿಂದ ಪಾರದರ್ಶಕ ಪೆಟ್ಟಿಗೆಯೊಂದು ಹೊರಬಂತು. ಒಳಗೆ ಗೊಂಚಲು ಗೊಂಚಲಾಗಿ ಕೆಂಪು ಹಣ್ಣು, ಒಂದೊಂದೂ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು, ದೀಪಕ್ಕೆ ಹಿಡಿದರೆ ಒಳಗಿನ ಬೀಜ ಕಾಣುವಷ್ಟು ತೆಳು ಸಿಪ್ಪೆ.

"ರೆಡ್ ಕರಂಟ್," ಅಂದರು ಪಪ್ಪ, ತಾವೇ ಬೆಳೆಸಿದವರ ಹಾಗೆ. "ಯುರೋಪಿನಿಂದ ವಿಮಾನದಲ್ಲಿ ಬರೋದು. ಕೇಕಿನ ಮೇಲೆ ಇಡ್ಲಿಕ್ಕೆ."

"ಕರೆಂಟಾ?" ಮಮ್ಮಿ ಚಾಚಿದ ಕೈ ಹಿಂದೆ ತೆಗೆದಳು. "ಮುಟ್ಟಿದ್ರೆ ಶಾಕ್ ಹೊಡೀತದಾ?"

ಪಪ್ಪ ನಕ್ಕರು. ನಿಜವಾಗಿ, ಕುತ್ತಿಗೆಯ ನರ ಉಬ್ಬುವಷ್ಟು ನಕ್ಕರು. ಆ ನಗು ನನಗೆ ಇನ್ನೂ ನೆನಪಿದೆ, ಅಂಥದ್ದು ನಮ್ಮಲ್ಲಿ ಅಷ್ಟು ಕಡಿಮೆ. ಅಂದಿನಿಂದ ಅದು ಕರೆಂಟ್ ಹಣ್ಣು. ಮಮ್ಮಿ ಒಂದು ಬಾಯಿಗೆ ಹಾಕಿ ಕಣ್ಣು ಮುಚ್ಚಿಕೊಂಡಳು. ಹುಳಿ ಅಂದರೆ ಹಲ್ಲು ಜುಮ್ಮೆನ್ನುವ ಹುಳಿ, ಬಾಲದಲ್ಲಿ ಒಂಚೂರು ಸಿಹಿ. 'ಇದು ನಮ್ಮ ಕರಂಡೆಯ ತಂಗಿ' ಎಂದು ತೀರ್ಮಾನ ಕೊಟ್ಟಳು. ಊರಲ್ಲಿ ಅವಳ ಮನೆಯ ಹಿಂದಿನ ಪಾದೆಕಲ್ಲಿನ ಗುಡ್ಡದಲ್ಲಿ ಮುಳ್ಳು ಪೊದೆಯಲ್ಲಿ ಬೆಳೆಯುವ ಕರಂಡೆಯನ್ನು ಅವಳ ತಾಯಿ ಮೀನಿಗೆ ಹಾಕುತ್ತಿದ್ದಳಂತೆ. ಮರುದಿನ ಬಂಗುಡೆ ಸಾರಿಗೆ ಹುಣಸೆ ಬಿಟ್ಟು ಈ ಹಣ್ಣು ಅರೆದು ಹಾಕಿದಳು. ಕೇಕಿನ ನೆತ್ತಿಯಲ್ಲಿ ಕೂರಬೇಕಾದ ಯುರೋಪಿನ ಹಣ್ಣು ನಮ್ಮ ಮನೆಯಲ್ಲಿ ಬಂಗುಡೆಯ ಜೊತೆ ಕುದಿಯಿತು. ಆ ಹೋಟೆಲಿನ ಯಾವ ಸಾಹೇಬನೂ ಅಂಥದ್ದು ತಿಂದಿರಲಿಕ್ಕಿಲ್ಲ. ಪಪ್ಪ ಮೂರು ಸಲ ಅನ್ನ ಹಾಕಿಸಿಕೊಂಡರು.

ಒಂದೇ ನಿಯಮ: ಹಣ್ಣಿನ ಸುದ್ದಿ ಕೋಣೆಯಿಂದ ಹೊರಗೆ ಹೋಗಬಾರದು. ತೊಟ್ಟು, ಪೆಟ್ಟಿಗೆ ಎಲ್ಲ ಪೇಪರಿನಲ್ಲಿ ಸುತ್ತಿ ದೂರದ ಕಸದ ತೊಟ್ಟಿಗೆ. ಆದರೆ ಒಲೆ ಇದ್ದದ್ದು ಹಂಚಿಕೊಂಡ ಅಡುಗೆಮನೆಯಲ್ಲಿ, ಮೂಗು ಎಸ್ಪಿ ಆಂಟಿಗೂ ಇತ್ತು. ಪರಿಮಳ ಬಂದ ಮೇಲೆ ಕೊಡದೆ ಇರುವುದು ಹೇಗೆ ಎಂದು ಮಮ್ಮಿ ಎರಡನೇ ಸಲ ಸಾರು ಮಾಡಿದಾಗ ಒಂದು ಬಟ್ಟಲು ಆ ಕಡೆಗೆ ಕಳಿಸಿದಳು. ಪಪ್ಪ ಊಟಕ್ಕೆ ಕೂತವರು ಬಟ್ಟಲು ಕಡಿಮೆ ಇರುವುದನ್ನು ಕಂಡರು. ಮಾತು ಕನ್ನಡಕ್ಕೆ ತಿರುಗಿತು.

"ಎಷ್ಟು ಸರ್ತಿ ಹೇಳಿದ್ದೇನೆ ನಿನಗೆ? ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?"

"ಅವರಿಗೆ ಎಂತ ಹಣ್ಣು ಅಂತ ಗೊತ್ತಾಗ್ಲಿಕ್ಕಿಲ್ಲ, ನೀವು ಸುಮ್ನೆ..."

ಸ್ಟೀಲಿನ ತಟ್ಟೆ ಅನ್ನ ಸಮೇತ ಹಾರಿತು. ಅಂಚು ಮಮ್ಮಿಯ ಹುಬ್ಬಿಗೆ ತಾಗಿ ಚರ್ಮ ಬಾಯಿಬಿಟ್ಟಿತು. ಸಾರು ಕೆಂಪು, ರಕ್ತವೂ ಕೆಂಪು, ಯಾವುದು ಒರೆಸುವುದೆಂದು ತಿಳಿಯದೆ ನಾನು ಎರಡನ್ನೂ ಒರೆಸಿದೆ. ಮಮ್ಮಿ ಪಕ್ಕದ ಕ್ಲಿನಿಕ್ಕಿನ ಮಲೆಯಾಳಿ ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ ಎಂದು ಹೇಳಿ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದಳು. ಮಾರನೆಯ ದಿನ ಎಸ್ಪಿ ಆಂಟಿ ಬಚ್ಚಲಿಗೆ ಹಾಸುವ ರಬ್ಬರ್ ಮ್ಯಾಟ್ ತಂದುಕೊಟ್ಟರು. ಅದರ ಮೇಲೆ ನಿಂತು ಸ್ನಾನ ಮಾಡುವಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಇಷ್ಟೆಲ್ಲ ಆದರೂ ಮಮ್ಮಿಗೆ ಆ ಹಣ್ಣಿನ ಹುಚ್ಚು ಬಿಡಲಿಲ್ಲ. ಇದರ ಗಿಡ ಹಿಮ ಬೀಳುವ ಊರಲ್ಲಿ ಮಾತ್ರ ಆಗುವುದು, ಚಳಿ ತಿನ್ನದೆ ಬೀಜ ಕಣ್ಣು ಬಿಡುವುದಿಲ್ಲ ಎಂದು ಪಪ್ಪ ಒಮ್ಮೆ ಜಂಬ ಕೊಚ್ಚಿದ್ದರು. ಮಮ್ಮಿ ಅದನ್ನು ಹಿಡಿದುಕೊಂಡಳು. ಚಳಿ ತಾನೆ ಬೇಕಾದ್ದು? ಬೀಜಗಳನ್ನು ಒದ್ದೆ ಟಿಶ್ಯೂವಿನಲ್ಲಿ ಸುತ್ತಿ, ಮುಲಾಮಿನ ಖಾಲಿ ಡಬ್ಬಿಗೆ ತುಂಬಿ, ಫ್ರಿಡ್ಜಿನಲ್ಲಿ ನಮ್ಮ ಪಾಲಿನ ಅರೆಯ ಹಿಂಬದಿಯಲ್ಲಿಟ್ಟಳು. ಮೂರು ತಿಂಗಳು. ದಿನಾ ಸಂಜೆ ಮುಚ್ಚಳ ತೆಗೆದು ನೋಡಿ ಮುಚ್ಚುವುದು. ಒಂದು ದಿನ ನನ್ನನ್ನು ಕರೆದು ತೋರಿಸಿದಳು: ಎರಡು ಬೀಜದಿಂದ ಬಿಳಿ ನೂಲು ಹೊರಟಿತ್ತು. ಹಾಲಿನ ಪುಡಿಯ ಡಬ್ಬಿಗೆ ಮಣ್ಣು ತುಂಬಿ ನೆಟ್ಟಳು. ಒಂದು ಸತ್ತಿತು, ಒಂದು ಬದುಕಿತು. ಏಸಿಯ ಗಾಳಿ ಬೀಳುವ ಕಿಟಕಿಯ ಹತ್ತಿರ ಅದಕ್ಕೆ ಜಾಗ. ಹತ್ತಿಯ ಎಲೆಯನ್ನು ಚಿಕ್ಕದು ಮಾಡಿದಂತೆ ಎಲೆ, ನೆಟ್ಟಗೆ ನಿಂತ ಕಾಂಡ. ಗೇಣುದ್ದ ಆಗಲು ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೂವಿಲ್ಲ, ಹಣ್ಣಿನ ಮಾತೇ ಇಲ್ಲ. ಒಮ್ಮೆ ನಾನು ಹಾಕಿದ ನೀರು ಹರಿದು ಪಪ್ಪನ ಜಾಕೆಟ್ ಒದ್ದೆಯಾಯಿತು ಎಂದು ಅವರು ಬೆಲ್ಟ್ ಬಿಚ್ಚಿದರು. ಎರಡು ಏಟು ನನ್ನ ಕಾಲಿಗೆ ಬಿತ್ತು, ಉಳಿದದ್ದು ನನ್ನ ಮೇಲೆ ಕವಿದು ಮಲಗಿದ ಮಮ್ಮಿಯ ಬೆನ್ನಿಗೆ. ಹೊಡೆದು ಮುಗಿದ ಮೇಲೆ ಅವಳು ಎದ್ದು ಗಿಡದ ಎಲೆ ಒರೆಸಿದಳು. ನನಗೆ ಆ ಗಿಡದ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನನಗೆ ಒಂಬತ್ತು ತುಂಬಿದ ವರ್ಷದ ಕ್ರಿಸ್‌ಮಸ್‌ಗೆ ಎರಡು ವಾರ ಇರುವಾಗ ಹೋಟೆಲಿನ ಯಾವುದೋ ದೊಡ್ಡ ಪಾರ್ಟಿ ನಿಂತುಹೋಗಿ, ಆ ಹಣ್ಣಿನ ಪೆಟ್ಟಿಗೆಗಳು ಮಿಕ್ಕಿದವು. ಪಪ್ಪ ನಾಲ್ಕು ದಿನ ಸ್ವಲ್ಪ ಸ್ವಲ್ಪವಾಗಿ ಮನೆಗೆ ತಂದರು. ಊರಲ್ಲಾದರೆ ಹಬ್ಬಕ್ಕೆ ಪೇರಳೆ ಹಣ್ಣಿನ ಪೆರಾಡ್ ಮಿಠಾಯಿ ಮಾಡುವ ಕೈ ಅದು, ಸುಮ್ಮನಿರುತ್ತದೆಯೇ? ಎಸ್ಪಿ ಆಂಟಿ ನರ್ಸರಿಗೆ ಹೋದ ಹೊತ್ತು ನೋಡಿ ಮಮ್ಮಿ ಹಣ್ಣು ಕುದಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಕಾಯಿಸಿದಳು. ಬೇರೆ ಏನೂ ಹಾಕದೆ ತಾನಾಗಿ ಗಟ್ಟಿಯಾಯಿತು. ಹನ್ನೆರಡು ಕಾಫಿ ಬಾಟ್ಲಿ ತುಂಬ ಜೆಲ್ಲಿ, ಮಂಚದಡಿ ಸಾಲಾಗಿ. ಹಬ್ಬದ ದಿನ ತೆಗೆಯುವುದು, ಅಲ್ಲಿಯ ತನಕ ಬಾಯಿಗೆ ಬೀಗ. ಆದರೆ ಮರುದಿನ ಎಸ್ಪಿ ಆಂಟಿ ನನ್ನ ಕೈಗೆ ಗೋವಾದ ಬೆಲ್ಲದ ಸಿಹಿ ದೊದೊಲ್‌ನ ತುಂಡು ಇಟ್ಟು, ನಿಮ್ಮ ಮನೆ ಸಕ್ಕರೆ ಪರಿಮಳ ಬರ್ತದೆ, ನನಗೆ ಏನೂ ಇಲ್ವಾ ಎಂದು ತಮಾಷೆಗೆ ಕೇಳಿದರು. ಯಾವತ್ತೂ ಇಸಿದುಕೊಳ್ಳುವವಳೇ ಆಗಿ ನನಗೆ ಸಾಕಾಗಿತ್ತು. ಓಡಿಹೋಗಿ ಒಂದು ಬಾಟ್ಲಿ ತಂದುಕೊಟ್ಟೆ. ಹೆಸರೂ ಹೇಳಿದೆ, ಸ್ಪಷ್ಟವಾಗಿ, ಶಾಲೆಯ ಇಂಗ್ಲಿಷಿನಲ್ಲಿ. ನನ್ನ ಬಾಲಬುದ್ಧಿ!

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಿಗ್ಗೆಯ ಪೂಜೆ ಮುಗಿದು ಎಲ್ಲರೂ ಚರ್ಚಿನ ಹೊರಗೆ ನೆರಳಿನಲ್ಲಿ ನಿಂತಿದ್ದೆವು. ಅಲ್ ಹಿಲಾಲ್ ಬಡಾವಣೆಯಲ್ಲಿದ್ದ ಒಬ್ಬ ಗೋವಾದ ಶೆಫ್ ಬಂದರು, ಪಪ್ಪನ ಹೋಟೆಲಿನವರೇ, ಎಸ್ಪಿ ಆಂಟಿಯ ಪರಿಚಯದವರು. ಆಂಟಿ ಅವರ ಎದುರು ಮಮ್ಮಿಯ ಭುಜ ತಟ್ಟಿ ಹೊಗಳಿದರು: ಇವಳ ಕೈಯ ರೆಡ್ ಕರಂಟ್ ಜೆಲ್ಲಿ ತಿಂದು ನೋಡಬೇಕು ನೀನು.

"ರೆಡ್ ಕರಂಟ್? ಜೆಲ್ಲಿ ಮಾಡುವಷ್ಟು?" ಶೆಫ್ ಪಪ್ಪನ ಕಡೆ ತಿರುಗಿದರು. "ಅಂಗಡಿಯಲ್ಲಿ ಒಂದು ಹಿಡಿ ಸಿಗೋದೇ ಕಷ್ಟ. ನಿನಗೆ ಎಲ್ಲಿ ಸಿಕ್ಕಿತು ಮಾರಾಯ?"

ಪಪ್ಪನನ್ನು ಉಳಿಸಲು ಮಮ್ಮಿ ನಡುವೆ ಹಾರಿದಳು.

"ಮನೆಯಲ್ಲೇ ಗಿಡ ಉಂಟು."

"ದೋಹಾದಲ್ಲಾ? ಅದಕ್ಕೆ ಹಿಮ ಬೀಳ್ಬೇಕು ಬಾಯ್!" ಶೆಫ್ ಹೋ ಎಂದು ನಕ್ಕರು. "ಬರುವ ಶುಕ್ರವಾರ ನೋಡ್ಲಿಕ್ಕೆ ಬರ್ತೇನೆ."

ಸುತ್ತ ನಿಂತವರೂ ನಕ್ಕರು. ಪಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ನಗು ಕಾರಿನ ಬಾಗಿಲು ಹಾಕುವ ತನಕ ಮುಖದ ಮೇಲಿತ್ತು. ಮನೆ ಮುಟ್ಟುವ ತನಕ ಮಮ್ಮಿ ಹಿಂದೆ ಕೈ ಚಾಚಿ ನನ್ನ ಮೊಣಕಾಲು ಹಿಡಿದುಕೊಂಡಿದ್ದಳು.

ಕೋಣೆಯ ಬಾಗಿಲು ಹಾಕಿದ ಕೂಡಲೇ ಸುರುವಾಯಿತು.

"ಗಿಡ ಉಂಟಾ? ತೋರಿಸು ಹಣ್ಣು! ಎಲ್ಲುಂಟು ಹಣ್ಣು?"

ಡಬ್ಬಿಯನ್ನು ಒದ್ದರು. ಗಿಡವನ್ನು ಬೇರು ಸಮೇತ ಕಿತ್ತು, ಕಾಂಡ ಮುರಿದು, ಮಣ್ಣಾದ ಬೇರನ್ನು ಮಮ್ಮಿಯ ಬಾಯಿಗೆ ತುರುಕಿದರು. ಅವಳು ಉಗುಳಿದ್ದಕ್ಕೆ ಕೆನ್ನೆಗೊಂದು ಬಿತ್ತು. ಆಮೇಲೆ ಮಂಚದಡಿಯಿಂದ ಬಾಟ್ಲಿಗಳನ್ನು ಎಳೆದರು.

"ಆಂಟಿಗೆ ಬಾಟ್ಲಿ ಕೊಟ್ಟದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮಮ್ಮಿ ಹೇಳಿದಳು: "ನಾನೇ ಕೊಟ್ಟದ್ದು."

ಒಂದು ಬಾಟ್ಲಿ ಅವಳ ಕಾಲ ಬುಡಕ್ಕೆ ಬಿದ್ದು ಒಡೆಯಿತು. ಯಾರು ಕೊಟ್ಟದ್ದು? ನಾನೇ. ಇನ್ನೊಂದು ಬಾಟ್ಲಿ. ಒಂದೊಂದು ಪ್ರಶ್ನೆಗೆ ಒಂದೊಂದು ಬಾಟ್ಲಿ. ಆರನೆಯದನ್ನು ನೆಲಕ್ಕೆ ಹಾಕಲಿಲ್ಲ, ಅವಳ ಕಿವಿಯ ಮೇಲೆ ಹೊಡೆದರು. ಅವಳು ಜೆಲ್ಲಿಯ ಮೇಲೆ, ಗಾಜಿನ ಮೇಲೆ ಕುಸಿದಳು, ಅಂಗೈಯೂರಿ ಏಳಲು ಹೋಗಿ ಜಾರಿದಳು. ಆ ಕಿವಿ ಆಮೇಲೆ ಯಾವತ್ತೂ ಸರಿಯಾಗಿ ಕೇಳಲಿಲ್ಲ. ಪಪ್ಪ ಸೂಟ್‌ಕೇಸಿನ ಬೀಗ ತೆಗೆದು ಅವಳ ಪಾಸ್‌ಪೋರ್ಟು ಹೊರಗೆಳೆದು ಜೇಬಿಗೆ ಹಾಕಿಕೊಂಡರು.

"ಆದಿತ್ಯವಾರ ಆಫೀಸ್ ತೆರೆದ ಕೂಡಲೇ ಕ್ಯಾನ್ಸಲ್. ಈ ಸಲ ಬಾಯಿಮಾತಲ್ಲ. ಹುಡುಗಿಯ ಮುಖ ಈಗಲೇ ನೋಡಿಕೋ."

ಅವರು ಹೇಳಿದ್ದು ನಿಜ, ಬಾಯಿಮಾತಾಗಿರಲಿಲ್ಲ. ಪಾಸ್‌ಪೋರ್ಟು ಹೊರಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಬಾಗಿಲು ತೆರೆದು ಅಡುಗೆಮನೆಗೆ ಓಡಿದೆ. ನಮ್ಮ ಹಿಂದೆಯೇ ಬೇರೆ ಕಾರಿನಲ್ಲಿ ಬಂದಿದ್ದ ಎಸ್ಪಿ ಆಂಟಿ ಅಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು.

"ಎಂತ ಬಾಯ್, ಇವತ್ತು ಇಷ್ಟು ಜೋರು ಪ್ರಾರ್ಥನೆ? ಹಬ್ಬ ಹತ್ತಿರ ಬಂತಂತ?"

"ಪ್ರಾರ್ಥನೆ ಅಲ್ಲ ಆಂಟಿ."

"ಮತ್ತೆ?"

ಒಳಗಿನಿಂದ ಪಪ್ಪನ ದನಿ ಕೇಳುತ್ತಲೇ ಇತ್ತು. ನಾನು ಅದನ್ನು ಒಂದೊಂದಾಗಿ ಕೊಂಕಣಿಗೆ ತಿರುಗಿಸಿ ಹೇಳತೊಡಗಿದೆ. ನಿನ್ನ ನಾಲಗೆ ಕಿತ್ತು ಹಾಕ್ತೇನೆ ಅಂತ ಹೇಳಿದರು. ಈಗ ಹೊಡೆದರು. ಇದು ಮಮ್ಮಿ, ಕಿವಿ ಕೇಳುದಿಲ್ಲ, ಸಾಕು ಅಂತ. ನಿನ್ನ ಅಮ್ಮ ನಿನ್ನನ್ನು ಯಾರಿಗೋ ಹೆತ್ತದ್ದು ಅಂತ. ಒಂದು ಶಬ್ದಕ್ಕೆ ನನಗೆ ಕೊಂಕಣಿ ಬರಲಿಲ್ಲ. ಗಂಡಸರ ಹತ್ತಿರ ಹೋಗುವ ಹೆಂಗಸಿಗೆ ಹೇಳುವುದು ಅಂದೆ. ಆಂಟಿ ಚಾಕು ಕೆಳಗಿಟ್ಟು ಆ ಶಬ್ದವನ್ನು ತಾವೇ ಹೇಳಿಕೊಂಡರು, ಮೆಲ್ಲಗೆ. ಆದಿತ್ಯವಾರ ವೀಸಾ ಕ್ಯಾನ್ಸಲ್ ಅಂತೆ. ಆಮೇಲೆ ನನಗೆ ಮಮ್ಮಿ ಇರುವುದಿಲ್ಲ. ಇದು ಪಪ್ಪ ಹೇಳಿದ್ದಲ್ಲ, ನಾನು ಹೇಳ್ತಾ ಇರೋದು. ಬಾಟ್ಲಿ ಕೊಟ್ಟದ್ದೂ ನಾನೇ ಆಂಟಿ, ಮಮ್ಮಿ ಅಲ್ಲ.

"ಸಾಯ್ಬಾ ಭೊಗೊಸ್," ಅಂದರು ಆಂಟಿ. ದೇವರೇ ಕ್ಷಮಿಸು ಅಂತ. ಒಲೆ ಆರಿಸಿದರು, ಸೆರಗಿಲ್ಲದ ಆ ಹೆಂಗಸು ಗೌನಿಗೆ ಕೈ ಒರೆಸಿಕೊಂಡರು, ತಮ್ಮ ಕೋಣೆಯ ಮೊಳೆಯಿಂದ ಜಪಮಾಲೆ ತೆಗೆದುಕೊಂಡರು. ತಟ್ಟದೆ, ಕೇಳದೆ ನಮ್ಮ ಬಾಗಿಲು ನೂಕಿ ಒಳಗೆ ಹೋದರು. ನಾನು ಹಿಂದೆ.

ಪಪ್ಪನ ಕೈ ಮೇಲೆಯೇ ಇತ್ತು. ಮಮ್ಮಿ ನೆಲದಲ್ಲಿದ್ದಳು. ಆಂಟಿಯನ್ನು ಕಂಡವಳೇ ಹೆದರಿ, ರಕ್ತದ ತುಟಿಯಲ್ಲೇ ಕೊಂಕಣಿಯಲ್ಲಿ ಹಳೆಯ ಸುಳ್ಳು ಹೇಳಿದಳು: "ಏನಿಲ್ಲ ಆಂಟಿ. ಪ್ರಾರ್ಥನೆ ಮಾಡ್ತಾ ಇದ್ದೆವು."

"ಗೊತ್ತಾಯ್ತು," ಅಂದರು ಆಂಟಿ. "ನಾನೂ ಅದಕ್ಕೇ ಬಂದದ್ದು. ಇಷ್ಟು ವರ್ಷ ಆಚೆಯಿಂದ ಕೇಳಿದೆ, ಇವತ್ತು ಜೊತೆಗೆ ಮಾಡುವ. ಯಲ್ಲಾ, ನಡಿ, ಮೊಣಕಾಲೂರು." ಕೊನೆಯ ಮಾತು ಪಪ್ಪನಿಗೆ. "ನಿಮ್ಮ ಕನ್ನಡದಲ್ಲೇ ಆಗಲಿ. ನೀನೇ ಸುರು ಮಾಡು."

ಪಪ್ಪ ಏನು ಮಾಡಬೇಕಿತ್ತು? ಪ್ರಾರ್ಥನೆ ಅಲ್ಲ ಎಂದರೆ ಮಾನ ಹೋಯಿತು. ಈ ಹೆಂಗಸು ಹೊರಗೆ ಹೋಗಿ ಬಾಯಿ ಬಿಟ್ಟರೆ ಶೆಫ್‌ಗೆ ಗೊತ್ತಾಗುತ್ತದೆ, ಹೋಟೆಲಿಗೆ ಗೊತ್ತಾಗುತ್ತದೆ. ಗಾಜು ಇಲ್ಲದ ಜಾಗ ಹುಡುಕಿ ಮೊಣಕಾಲೂರಿದರು. ಬಾಯಿ ತೆರೆದರು, ಮುಚ್ಚಿದರು. ಅವರಿಗೆ ಕನ್ನಡದಲ್ಲಿ ಒಂದೇ ಒಂದು ಪ್ರಾರ್ಥನೆಯೂ ಗೊತ್ತಿರಲಿಲ್ಲ. ಬೈಗುಳ ಬಿಟ್ಟರೆ ಆ ಭಾಷೆಯಲ್ಲಿ ಅವರ ಹತ್ತಿರ ಏನೂ ಇರಲಿಲ್ಲ.

"ಅವನಿಗೆ ಮರೆತುಹೋಗಿದೆ. ನೀನು ಹೇಳು," ಅಂದರು ಆಂಟಿ ಮಮ್ಮಿಗೆ. ನನ್ನನ್ನು ಹತ್ತಿರ ಎಳೆದು, "ನೀನು ನನ್ನ ಕಿವಿಯಲ್ಲಿ ಹೇಳು. ಒಂದು ಶಬ್ದ ಬಿಡ್ಬಾರ್ದು," ಅಂದರು.

ಮಮ್ಮಿ ಎದ್ದು ಮೊಣಕಾಲಿನ ಮೇಲೆ ಕೂತಳು. ಅಂಗೈಯಿಂದ ಗಾಜಿನ ಚೂರು ಕಿತ್ತು ಬದಿಗಿಟ್ಟಳು. ಆಮೇಲೆ ಕಾನ್ವೆಂಟಿನ ಹುಡುಗಿಯ ರಾಗದಲ್ಲಿ ಕನ್ನಡ ತೆಗೆದಳು.

"ದೇವರೇ, ನನ್ನ ಮಗಳನ್ನು ನನ್ನಿಂದ ಬೇರೆ ಮಾಡಬೇಡ."

ನಾನು ಕಿವಿಯಲ್ಲಿ ಹೇಳಿದೆ. "ಆಮೆನ್!" ಎಂದು ಆಂಟಿ ಗಟ್ಟಿಯಾಗಿ ಅಂದರು.

"ದೇವರೇ, ಇವರ ಕೈ..." ಮಮ್ಮಿ ತಡೆದಳು. ಪಪ್ಪನ ಮುಖವನ್ನೇ ನೋಡಿದಳು. "ಇವನ ಕೈ. ಇವನ ಕೈ ಇನ್ನೊಮ್ಮೆ ಮೇಲೆ ಎದ್ದರೆ ಅಲ್ಲೇ ಸೆಟೆದು ನಿಲ್ಲಲಿ."

"ಆಮೆನ್!"

"ಇವನು ಕದ್ದು ತಂದ ಹಣ್ಣು ತಿಂದ ಪಾಪ ನನ್ನ ಮೇಲಿರಲಿ. ಕದ್ದ ಪಾಪ ಇವನ ಮೇಲೇ ಇರಲಿ."

"ಆಮೆನ್!"

"ಆದಿತ್ಯವಾರ ಇವನು ಆ ಆಫೀಸಿನ ಮೆಟ್ಟಿಲು ಹತ್ತಿದರೆ, ಅದೇ ದಿನ ಆ ಹೋಟೆಲಿನ ಮೆಟ್ಟಿಲು ಹತ್ತಿ ಎಲ್ಲ ಹೇಳುವ ಧೈರ್ಯ ನನಗೆ ಕೊಡು ದೇವರೇ. ಹೋದರೆ ಮೂವರೂ ಒಟ್ಟಿಗೆ ಊರಿಗೆ ಹೋಗುವ."

ಇದನ್ನು ತಿರುಗಿಸುವಾಗ ನನ್ನ ದನಿ ಪಪ್ಪನಿಗೂ ಕೇಳುವಷ್ಟು ಜೋರಾಯಿತು. ಆಂಟಿ ಆಮೆನ್ ಅಂದರು, ನಾನೂ ಅಂದೆ. ಆಂಟಿ ಅಷ್ಟಕ್ಕೆ ಏಳಲಿಲ್ಲ. ಪಪ್ಪನ ಕಡೆ ತಿರುಗಿ ಕಾದರು.

"ಮನೆಯ ಗಂಡಸು ಹೇಳದಿದ್ದರೆ ಪ್ರಾರ್ಥನೆ ಮೇಲೆ ಹೋಗುದಿಲ್ಲ."

ಪಪ್ಪ ಗಂಟಲಲ್ಲೇ ಏನೋ ಅಂದರು.

"ಕೇಳ್ಲಿಲ್ಲ."

"ಆಮೆನ್," ಅಂದರು ಪಪ್ಪ.

ಆಮೇಲೆ ಹೊಡೆತ ನಿಂತಿತು ಎಂದು ಬರೆದರೆ ಸುಳ್ಳಾದೀತು. ಆಮೇಲೂ ಕೈ ಎದ್ದದ್ದುಂಟು, ಆಂಟಿ ಜಪಮಾಲೆ ಹಿಡಿದು ಬಾಗಿಲು ನೂಕಿದ್ದೂ ಉಂಟು. ಆ ಶುಕ್ರವಾರದಿಂದ ಆದಿತ್ಯವಾರದ ತನಕ ಪಾಸ್‌ಪೋರ್ಟು ಪಪ್ಪನ ಜೇಬಿನಲ್ಲೇ ಇತ್ತು. ಆದಿತ್ಯವಾರ ಬೆಳಿಗ್ಗೆ ಜಾಕೆಟ್ ಮಡಚಿ ತೋಳಿಗೆ ಹಾಕಿಕೊಂಡು ಹೊರಟರು, ಎಲ್ಲಿಗೆಂದು ಹೇಳಲಿಲ್ಲ. ಎರಡೂ ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಮಮ್ಮಿ ನನ್ನ ಜಡೆ ಹಾಕಿ ಶಾಲೆಗೆ ಕಳಿಸಿದಳು. ಆ ದಿನ ತರಗತಿಯಲ್ಲಿ ಏನು ಕಲಿಸಿದರೋ ನನಗೆ ಗೊತ್ತಿಲ್ಲ. ಮಧ್ಯಾಹ್ನ ಬಸ್ಸು ನಿಲ್ಲುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದೆ. ಎರಡು ಮಾಳಿಗೆ ಒಂದೇ ಉಸಿರಿಗೆ ಹತ್ತಿ ಬೆಲ್ ಒತ್ತಿದೆ. ಯಾರೂ ತೆರೆಯಲಿಲ್ಲ. ಮತ್ತೆ ಒತ್ತಿದೆ. ಕೈಯಲ್ಲಿ ಗುದ್ದಿದೆ, ಕಾಲಲ್ಲಿ ಒದ್ದೆ, ಕೊನೆಗೆ ಹೊಸ್ತಿಲಲ್ಲೇ ಕೂತು ಕೂಗಿ ಅತ್ತೆ. ಒಳಗೆ ಚಿಲಕ ಸರಿದ ಸದ್ದಾಯಿತು. ಮಮ್ಮಿ ನಿಂತಿದ್ದಳು, ಕೈಯಲ್ಲಿ ನೆಲ ಒರೆಸುವ ಬಟ್ಟೆ, ಬಟ್ಟೆ ಕಟ್ಟಿದ ಕಿವಿಗೆ ಬೆಲ್ ಕೇಳಿಸಿರಲಿಲ್ಲ. ನನ್ನನ್ನು ಎಬ್ಬಿಸಿ, ಮೂಗು ಒರೆಸಿದಳು.

"ಎಂತಕ್ಕೆ ಅಳೋದು ಮಗಾ? ನಾನು ಇಲ್ಲೇ ಇದ್ದೇನಲ್ಲ. ಬೂಟ್ ಬಿಚ್ಚಿ ಬಾ, ನೆಲ ಒದ್ದೆ ಉಂಟು," ಅಂದಳು, ಕನ್ನಡದಲ್ಲಿ.